ಲಾಳಕ್ಕಿಂತ ಮೊದಲು ಗೊರಸು: ಮಂಡ್ಯ ಸೀಮೆಯ ಲಾಳವಿದ್ಯೆಯ ಒಂದು ಸಮೀಕ್ಷೆ

ಗ್ರಾಮೀಣ ಕಸುಬುಗಳ ಬಗ್ಗೆ ಈಚೆಗೆ ಬರುತ್ತಿರುವ ಲೇಖನಗಳಲ್ಲಿ ಲಾಳ ಕಟ್ಟುವವರಿಗೆ ಸಿಗುವುದು ಒಂದೇ ಪ್ಯಾರಾ, ಅದೂ ಕೊನೆಯಲ್ಲಿ. ಟ್ರ್ಯಾಕ್ಟರ್ ಬಂತು, ಎತ್ತು ಹೋಯಿತು, ಲಾಳವೂ ಹೋಯಿತು ಎಂದು ಬರೆದು ಮುಗಿಸುತ್ತಾರೆ. ಇನ್ನು ಪ್ರಾಣಿದಯೆಯ ಮಾತಾಡುವ ಕೆಲವರಿಗೆ ಗೊರಸಿಗೆ ಮೊಳೆ ಹೊಡೆಯುವುದೇ ಹಿಂಸೆ. ಮದ್ದೂರು, ಮಳವಳ್ಳಿ, ಮಂಡ್ಯ ತಾಲ್ಲೂಕುಗಳಲ್ಲೇ ಪಶುವೈದ್ಯನಾಗಿ ಸೇವೆ ಸವೆಸಿದ ನನಗೆ ಈ ಎರಡು ಮಾತೂ ಒಪ್ಪಿಗೆಯಿಲ್ಲ. ಎತ್ತು ಕಡಿಮೆಯಾಗಿದೆ, ನಿಜ. ಕಾಲಿನ ಕೆಲಸ ಕಡಿಮೆಯಾಗಿಲ್ಲ. ಹಿಂಸೆಯಾಗುವುದು ಕಲಿಯದ ಕೈಯಿಂದ. ಕಲಿಸುವ ವ್ಯವಸ್ಥೆಯನ್ನು ನಾವು ಯಾರೂ ಕಟ್ಟಲಿಲ್ಲ ಎಂಬುದು ಈ ವಿದ್ಯೆಯ ಚರಿತ್ರೆಯನ್ನು ಹಿಂದಿನಿಂದ ನೋಡಿಕೊಂಡು ಬಂದರೆ ತಾನಾಗಿ ಕಾಣುತ್ತದೆ.

ಹಳೆಯ ಕಾಲದ್ದನ್ನು ಬೇಗ ಮುಗಿಸುತ್ತೇನೆ. ಶಾಲಿಹೋತ್ರನ ಹೆಸರಿನಲ್ಲಿ ಬಂದ ಅಶ್ವಶಾಸ್ತ್ರಗಳು ಕುದುರೆಯ ಸುಳಿ, ಬಣ್ಣ, ಲಕ್ಷಣಗಳನ್ನು ಪುಟಗಟ್ಟಲೆ ಹೇಳುತ್ತವೆ. ಮೊಳೆ ಹೊಡೆದು ಕೂರಿಸುವ ಲಾಳ ದಖ್ಖನಿನಲ್ಲಿ ಹರಡಿದ್ದು ಸುಲ್ತಾನರ ಕಾಲದ ಕುದುರೆ ದಂಡುಗಳ ಜೊತೆ; ಆ ಕೆಲಸ ಮಾಡಿದ ನಾಲಬಂದರ ಮನೆತನಗಳಲ್ಲೇ ವಿದ್ಯೆ ಉಳಿಯಿತು. ನಮ್ಮ ಪಕ್ಕದ ಕುಣಿಗಲ್ಲಿನಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಫಾರಂ ಇದೆ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕದನ ನಡೆಯಿತು. ಆ ಕದನದ ಬಗ್ಗೆ ಬರೆದವರೆಲ್ಲ ಫಿರಂಗಿಗಳ ಲೆಕ್ಕ ಕೊಡುತ್ತಾರೆ. ಆ ಫಿರಂಗಿಗಳನ್ನು ಎಳೆದು ತಂದದ್ದು ಎತ್ತುಗಳು, ಮೇವಿಲ್ಲದೆ ದಾರಿಯುದ್ದಕ್ಕೂ ಸತ್ತದ್ದೂ ಅವೇ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ದಂಡಿನಲ್ಲಿ ಮೈಸೂರು ಲಾನ್ಸರ್ಸ್ ಪಡೆಯೂ ಇತ್ತು. ಲಾಳ ಸಡಿಲವಾದ ಕುದುರೆಯ ಮೇಲೆ ಕೂತು ಯಾರೂ ಊರು ಗೆಲ್ಲಲಾರರು, ಆದರೆ ಲಾಳ ಕಟ್ಟಿದವರ ಹೆಸರು ಯಾವ ಸ್ಮಾರಕದ ಮೇಲೂ ಇರುವುದಿಲ್ಲ.

ಯೂರೋಪಿನ ಕಥೆ ಬೇರೆ. ಲಂಡನ್ನಿನ ಲಾಳಗಾರರ ಸಂಘದ ಮೂಲ 1356ಕ್ಕೆ ಹೋಗುತ್ತದೆ. ಕ್ಲೋದ್ ಬೂರ್ಜೆಲಾ 1760ರ ದಶಕದ ಮೊದಲಿಗೆ ಫ್ರಾನ್ಸಿನ ಲಿಯೋನಿನಲ್ಲಿ ಪಶುವೈದ್ಯ ಶಾಲೆ ತೆರೆದಾಗ ಅಲ್ಲಿ ಕುಲುಮೆಯೂ ಪಾಠದ ಕೋಣೆಯೇ ಆಗಿತ್ತು; ಲಾಳದ ಬಗ್ಗೆ ಆತನೇ ಪುಸ್ತಕ ಬರೆದ. ಬಂಗಾಳದ ಕುದುರೆ ಫಾರಂ ನೋಡಿಕೊಳ್ಳಲು 1808ರಲ್ಲಿ ಬಂದ ವಿಲಿಯಂ ಮೂರ್‌ಕ್ರಾಫ್ಟ್ ಇಂಗ್ಲೆಂಡಿನಲ್ಲಿದ್ದಾಗಲೇ ಲಾಳವನ್ನು ಯಂತ್ರದಲ್ಲಿ ಮಾಡಲು ಹೊರಟವನು. ಅಂದರೆ ಅಲ್ಲಿ ಪಶುವೈದ್ಯ ಹುಟ್ಟಿದ್ದೇ ಲಾಳಗಾರನ ಪಕ್ಕದಲ್ಲಿ. ನಮ್ಮಲ್ಲಿ ಪಶುವೈದ್ಯಕ್ಕೆ ಸರ್ಕಾರ ಕೈ ಹಾಕಿದ್ದು ದಂಡಿನ ಕುದುರೆಗೋಸ್ಕರ, ಆಮೇಲೆ ದನಗಳ ಮಾರಿಗೋಸ್ಕರ. ದೊಡ್ಡ ರೋಗ ಬಂದು ಸಾವಿರಾರು ರಾಸು ಸಾಯುತ್ತಿದ್ದಾಗ ಕುಂಟುವ ಒಂದು ಎತ್ತಿನ ಕಡೆ ಯಾರು ನೋಡಬೇಕಿತ್ತು? ಲಾಹೋರ್, ಮುಂಬಯಿ, 1903ರಲ್ಲಿ ಮದ್ರಾಸು, 1958ರಲ್ಲಿ ನಮ್ಮ ಹೆಬ್ಬಾಳ, ಹೀಗೆ ಕಾಲೇಜುಗಳು ಬಂದವು. ಲಾಳ ಕಟ್ಟುವವರು ಕಾಲೇಜಿನ ಗೇಟಿನ ಹೊರಗೇ ಉಳಿದರು.

ಮಂಡ್ಯದ ಎತ್ತಿನ ಲಾಳ ಅನಾದಿಯದು ಎಂದು ನಂಬಿರುವವರಿಗೆ ಒಂದು ಮಾತು ಹೇಳಬೇಕು. ಕೆಸರು ಗದ್ದೆಯಲ್ಲಿ, ಮಣ್ಣು ಹಾದಿಯಲ್ಲಿ ದುಡಿಯುವ ಎತ್ತಿಗೆ ಲಾಳದ ಹಂಗು ಕಡಿಮೆ. ಕನ್ನಂಬಾಡಿ ಕಟ್ಟೆ ಮುಗಿದು, 1930ರ ದಶಕದ ಮೊದಲಿಗೆ ನಾಲೆಯಲ್ಲಿ ನೀರು ಹರಿದು, 1933ರಲ್ಲಿ ಮೈಷುಗರ್ ಕಂಪನಿ ಹುಟ್ಟಿದ ಮೇಲೆ ಇಲ್ಲಿನ ಎತ್ತಿನ ಬದುಕು ಬದಲಾಯಿತು. ಲೆಸ್ಲಿ ಕೋಲ್ಮನ್ ಅವರನ್ನು ಸಕ್ಕರೆ ಕಾರ್ಖಾನೆಗೆ ನೆನೆಯುತ್ತೇವೆ, ನೆನೆಯಲೇಬೇಕು. ಆ ಕಾರ್ಖಾನೆಯ ಬಾಗಿಲಿಗೆ ಕಬ್ಬು ಹೊತ್ತ ಗಾಡಿ ಜಲ್ಲಿ ರಸ್ತೆಯ ಮೇಲೆ, ಆಮೇಲೆ ಟಾರು ರಸ್ತೆಯ ಮೇಲೆ ಬರಬೇಕಾಯಿತು. ಗೊರಸು ಬೆಳೆಯುವುದಕ್ಕಿಂತ ಸವೆಯುವುದು ಜಾಸ್ತಿಯಾಯಿತು. ಎತ್ತಿನ ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಟಾರು ಅದಕ್ಕೆ ಕಾಯುವುದಿಲ್ಲ. ನನ್ನ ಪ್ರಕಾರ ಲಾಳದ ಕಸುಬು ಮಂಡ್ಯದಲ್ಲಿ ಇಷ್ಟು ಬಲವಾಗಿ ನೆಲೆ ನಿಂತದ್ದು ಕಬ್ಬಿನ ಗಾಡಿಯಿಂದ. ಹೊಸ ಕಾಲ ಕೊಂದ ಹಳೆಯ ಕಸುಬು ಎಂದು ಇದನ್ನು ಅಳುವವರು ಹೊಸ ಕಾಲವೇ ಇದನ್ನು ಬೆಳೆಸಿತು ಎಂಬುದನ್ನು ಮರೆಯುತ್ತಾರೆ.

ಕುದುರೆಗೆ ಕಲಿತದ್ದು ಎತ್ತಿಗೆ ನಡೆಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕುದುರೆಗೆ ಕಾಲಿಗೊಂದು ಲಾಳ, ಎತ್ತಿಗೆ ಸೀಳು ಗೊರಸಾದ್ದರಿಂದ ಕಾಲಿಗೆ ಎರಡು ತಗಡು, ಒಟ್ಟು ಎಂಟು. ಕುದುರೆ ನಿಂತು ಕಾಲು ಕೊಡುತ್ತದೆ. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕು ಕಾಲು ಕೂಡಿಸಿ ಕಟ್ಟಬೇಕು. ಕುದುರೆಯ ಗೊರಸಿನ ಗೋಡೆ ದಪ್ಪ, ಎತ್ತಿನದು ತೆಳು. ಮೊಳೆಗೆ ಸಿಗುವ ಜಾಗ ಬಹಳ ಕಡಿಮೆ. ಸೀಳಿನ ಒಳಮಗ್ಗುಲಿಗೆ ಮೊಳೆ ಹೊಡೆಯುವಂತೆಯೇ ಇಲ್ಲ. ಹಳ್ಳಿಕಾರ್ ರಾಸಿನ ಗೊರಸು ಕಪ್ಪು, ಚಿಕ್ಕದು, ಗಟ್ಟಿ. ಗಟ್ಟಿಯಾದ್ದರಿಂದ ಮೊಳೆ ಚೆನ್ನಾಗಿ ಹಿಡಿಯುತ್ತದೆ, ಚಿಕ್ಕದಾದ್ದರಿಂದ ತಪ್ಪಿಗೆ ಜಾಗವೇ ಇಲ್ಲ.

ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ. ನಮ್ಮ ಪೀಳಿಗೆಯ ಪಶುವೈದ್ಯರು ಪರೀಕ್ಷೆಯಲ್ಲಿ ಕುದುರೆ ಗೊರಸಿನ ಚಿತ್ರ ಬರೆದು ಪಾಸಾದವರು. ನೌಕರಿಗೆ ಬಂದ ಮೇಲೆ ಬಾಗಿಲಿಗೆ ಬಂದದ್ದು ಕುಂಟುವ ಎತ್ತು. ಮದ್ದೂರಿನ ಸಂತೆ ಮೈದಾನದ ಹುಣಸೆ ಮರದಡಿ ಕೂರುತ್ತಿದ್ದ ಹಿರಿಯ ಸಾಬರೊಬ್ಬರ ಪಕ್ಕ ಕೂತು ನಾನು ಕಲಿತೆ. ಅವರು ಎತ್ತನ್ನು ಕೆಡವುವ ಮೊದಲು ಹತ್ತು ಹೆಜ್ಜೆ ನಡೆಸಿ ನೋಡುತ್ತಿದ್ದರು: ಯಾವ ಕಾಲು ಮೊದಲು ಊರುತ್ತದೆ, ಹಳೇ ಲಾಳ ಯಾವ ಮೂಲೆಯಲ್ಲಿ ತೆಳುವಾಗಿದೆ. ಕೆಡವಿದ ಮೇಲೆ ಉಳಿ ಹಿಡಿದು ಪದರ ಪದರವಾಗಿ ಹೆರೆಯುವರು. ಹೆರೆದ ಜಾಗವನ್ನು ಹೆಬ್ಬೆರಳಿನಿಂದ ಒತ್ತುವರು. ಒತ್ತಿದರೆ ಸ್ವಲ್ಪ ಬಾಗಿತೋ, ಉಳಿ ಕೆಳಗಿಡುವರು. ಮೊಳೆ ಹೊಡೆಯುವಾಗ ಎಡಗೈಯ ಹೆಬ್ಬೆರಳು ಗೊರಸಿನ ಹೊರಗೋಡೆಯ ಮೇಲೆ, ಮೊಳೆ ಎಲ್ಲಿ ಹೊರಬರಬೇಕೋ ಸರಿಯಾಗಿ ಅಲ್ಲಿ ಇರುತ್ತಿತ್ತು. ಸುತ್ತಿಗೆಯ ಸದ್ದು ಗಟ್ಟಿಯಾಗಿ ಕೇಳುತ್ತಿದ್ದರೆ ಮೊಳೆ ಗೋಡೆಯಲ್ಲಿದೆ. ಸದ್ದು ಮಂಕಾದರೆ ಜೀವದ ಕಡೆ ತಿರುಗಿದೆ ಎಂದು ತಕ್ಷಣ ಇಕ್ಕಳದಿಂದ ಕೀಳುತ್ತಿದ್ದರು, ಎತ್ತು ಒದರುವವರೆಗೆ ಕಾಯುತ್ತಿರಲಿಲ್ಲ. ಹೊರಬಂದ ತುದಿಯನ್ನು ಮುರಿದು, ಮಡಚಿ ಬಡಿದು, ಅರ ಹಾಕಿ ನಯ ಮಾಡುವರು. "ಡಾಕ್ಟ್ರೇ, ಲಾಳ ಯಾರ್ ಬೇಕಾದ್ರೂ ಹೊಡೀತಾರೆ, ಹೆರೆಯೋದನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರ್ಬೇಕು" ಎಂದು ಅವರು ಹೇಳುತ್ತಿದ್ದರು. ನಾನು ಇಂದಿಗೂ ಈ ಪಂಥದವನು. ಚೆನ್ನಾಗಿ ಕಾಯಿಸಿ ಬಡಿದ ಲಾಳವನ್ನು ತಪ್ಪಾಗಿ ಹೆರೆದ ಗೊರಸಿಗೆ ಹೊಡೆದರೆ ಸೊಟ್ಟ ತಳಪಾಯದ ಮೇಲೆ ಗಟ್ಟಿ ಗೋಡೆ ಕಟ್ಟಿದ ಹಾಗೆ.

ಅವರು ಮೂರು ತಾಲ್ಲೂಕಿನ ಎತ್ತುಗಳನ್ನು ಕಾಲು ನೋಡಿಯೇ ಹೇಳುತ್ತಿದ್ದರು. ಮಂಡ್ಯ, ಮದ್ದೂರಿನ ನಾಲೆ ಬಯಲಿನ ಎತ್ತು ಬೆಳಿಗ್ಗೆ ಕೆಸರು ತುಳಿದು ಮಧ್ಯಾಹ್ನ ಗಾಡಿ ಎಳೆಯುತ್ತದೆ. ಗೊರಸು ನೆನೆದು ಮೆತ್ತಗಾಗಿರುತ್ತದೆ, ಮೊಳೆ ಸಡಿಲವಾಗುತ್ತದೆ, ಕೆಸರು ಲಾಳವನ್ನೇ ಎಳೆದುಕೊಳ್ಳುತ್ತದೆ. ಅಂಥದಕ್ಕೆ ನಾಟಿ ಮುಗಿಯುವವರೆಗೆ ಲಾಳ ಬೇಡ ಎಂದು ವಾಪಸು ಕಳಿಸುತ್ತಿದ್ದರು, ಬಂದ ಕೂಲಿ ಬಿಟ್ಟು. ಮಳವಳ್ಳಿಯ ರಾಗಿ ಹೊಲದ ಗರುಸು ನೆಲದ ಎತ್ತಿಗೆ ಗೊರಸು ಒಣಗಿ ಸೀಳುತ್ತದೆ. ಅದಕ್ಕೆ ಸಣ್ಣ ಮೊಳೆ, ಹಿಂದಿನ ರಾತ್ರಿ ಒದ್ದೆ ಗೋಣಿಚೀಲದ ಮೇಲೆ ನಿಲ್ಲಿಸಿಕೊಂಡು ಬನ್ನಿ ಎನ್ನುವ ಸೂಚನೆ. ಇಂಥ ಜ್ಞಾನ ಯಾವ ಕೈಪಿಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅದೇ ಕಾಲದಲ್ಲಿ ಗಾಡಿಯ ಬಗ್ಗೆ ದೇಶದಲ್ಲಿ ದೊಡ್ಡ ಚರ್ಚೆ ನಡೆಯಿತು. ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯನ್ನು ಅಧ್ಯಯನಕ್ಕೆ ಎತ್ತಿಕೊಂಡರು, ಮುಂದೆ ಕಾರ್ಟ್‌ಮನ್ ಸಂಸ್ಥೆ ಕಟ್ಟಿದರು. ವಿಮಾನ, ರೈಲಿನ ಲೆಕ್ಕ ಮಾತ್ರ ಗೊತ್ತಿದ್ದ ಯೋಜನಾಕಾರರಿಗೆ ಈ ದೇಶದ ಸರಕನ್ನು ಎಳೆಯುವುದು ಎತ್ತು ಎಂದು ಧೈರ್ಯವಾಗಿ ಹೇಳಿದ ಅವರ ಮೇಲೆ ನನಗೆ ಅಪಾರ ಗೌರವ. ಚಕ್ರಕ್ಕೆ ರಬ್ಬರ್ ಟೈರು, ಅಚ್ಚಿಗೆ ಬೇರಿಂಗು, ಹೆಗಲು ಕೊಯ್ಯದ ನೊಗ ಎಲ್ಲ ಚರ್ಚೆಯಾದವು. ಗೊರಸಿಗೆ ಆ ಪಾಲು ಸಿಗಲಿಲ್ಲ. ಟೈರು ಗಾಡಿ ಬಂದ ಮೇಲೆ ರೈತ ಎರಡು ಟನ್ನಿಗೂ ಮೀರಿ ಕಬ್ಬು ಹೇರತೊಡಗಿದ. ಎಳೆಯುವುದು ಹಗುರವಾಯಿತು, ಇಳಿಜಾರಿನಲ್ಲಿ ಆ ಭಾರವನ್ನು ತಡೆದು ನಿಲ್ಲಿಸುವುದು ಎತ್ತಿನ ಕಾಲೇ ಆಯಿತು. ಕಬ್ಬು ಅರೆಯುವ ದಿನಗಳಲ್ಲಿ ಆಸ್ಪತ್ರೆಗೆ ಬರುತ್ತಿದ್ದ ಜಾರಿದ ಎತ್ತು, ಕಿತ್ತ ಲಾಳ, ಕೀವು ತುಂಬಿದ ಗೊರಸು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತರಬೇತಿ ಎಂಬುದು ಎಲ್ಲೂ ಇರಲಿಲ್ಲವೆಂದಲ್ಲ. ಮೀರತ್ತಿನ ಸೇನಾ ಪಶುವೈದ್ಯ ಕೇಂದ್ರ ನಾಲಬಂದರನ್ನು ತಯಾರು ಮಾಡುತ್ತದೆ. ಮೈಸೂರಿನಲ್ಲಿ 1891ರಿಂದ, ಬೆಂಗಳೂರಿನಲ್ಲಿ 1920ರಿಂದ ರೇಸ್ ಕ್ಲಬ್ಬುಗಳಿವೆ. ಓಟದ ಕುದುರೆಗೆ ಅಲ್ಯೂಮಿನಿಯಂ ಲಾಳ ಕೂರಿಸುವ ನುರಿತ ಕೈಗಳು ಅಲ್ಲಿವೆ. ದಸರಾ ನೋಡಿದವರಿಗೆ ಮೈಸೂರಿನ ಅಶ್ವಾರೋಹಿ ಪೊಲೀಸರ ಕುದುರೆಗಳು ಗೊತ್ತು. 1934ರಲ್ಲಿ ಡೊರೊಥಿ ಬ್ರೂಕ್ ಕೈರೋದಲ್ಲಿ ಶುರು ಮಾಡಿದ ಸಂಸ್ಥೆಯ ಭಾರತದ ಶಾಖೆ ಉತ್ತರದ ಇಟ್ಟಿಗೆ ಭಟ್ಟಿಗಳ ಕುದುರೆ, ಹೇಸರಗತ್ತೆಗಳಿಗಾಗಿ ಊರಿನ ನಾಲಬಂದರಿಗೇ ತರಬೇತಿ ಕೊಡುತ್ತದೆ. ಇದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಮಾದರಿ: ಕಸುಬುದಾರನನ್ನು ಬದಿಗೆ ತಳ್ಳದೆ ಅವನ ಕೈಯನ್ನೇ ತಿದ್ದುವುದು. ಆದರೆ ಇವೆಲ್ಲ ಕುದುರೆಯ ಕೋರ್ಸುಗಳು. ಮಂಡ್ಯದ ಹುಡುಗನೊಬ್ಬ ಎತ್ತಿನ ಗೊರಸು ಕಲಿಯಬೇಕೆಂದರೆ ಇವತ್ತಿಗೂ ಹೋಗಬೇಕಾದ್ದು ಯಾರಾದರೂ ಉಸ್ತಾದರ ಹತ್ತಿರವೇ.

ಅವನು ಹೋಗುವುದು ಮೊಬೈಲಿನ ಹತ್ತಿರ. ಗೊರಸು ಹೆರೆಯುವ ವಿಡಿಯೋಗಳಿಗೆ ಈಗ ಲಕ್ಷಾಂತರ ನೋಡುಗರು. ಬಿಳಿ ಪದರ ಸುರುಳಿ ಸುರುಳಿಯಾಗಿ ಬೀಳುವುದು ಕಣ್ಣಿಗೆ ಹಬ್ಬ. ಅದನ್ನು ನೋಡಿ ಮಷೀನು ಕೊಂಡು ಹಸುವಿನ ಅಂಗಾಲನ್ನು ರಕ್ತ ಬರುವವರೆಗೆ ಉಜ್ಜಿದ ಪ್ರಕರಣಗಳನ್ನು ನಾನೇ ಔಷಧಿ ಹಾಕಿ ಕಟ್ಟಿದ್ದೇನೆ. ಉಟ್ರೆಕ್ಟಿನ ಟೂಸೆಂಟ್ ರಾವೆನ್ ರೂಪಿಸಿದ ಡಚ್ ಪದ್ಧತಿ ಬಹಳ ಒಳ್ಳೆಯದು, ಅದರಲ್ಲಿ ಗೊರಸಿನ ಮುಂಗೋಡೆ 7.5 ಸೆಂ.ಮೀ. ಉಳಿಯಬೇಕೆಂಬ ಅಳತೆಯಿದೆ. ಆ ಅಳತೆ ದೊಡ್ಡ ಎಚ್‌ಎಫ್ ಹಸುವಿಗೆ. ಹಳ್ಳಿಕಾರಿಗೆ ಅದನ್ನೇ ಇಡುತ್ತೇನೆಂದರೆ ನಡೆಯದು.

ಆದರೂ ಇಲ್ಲೇ ಈ ವಿದ್ಯೆಯ ಮುಂದಿನ ದಾರಿ ಇದೆ ಎಂದು ನಾನು ನಂಬಿದ್ದೇನೆ. ಗೆಜ್ಜಲಗೆರೆಯ ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಸಿಮೆಂಟು ನೆಲದ ಮೇಲೆ ಕಟ್ಟಿದ ಸೀಮೆಹಸುಗಳಿಗೆ ಗೊರಸು ಸವೆಯುವುದೇ ಇಲ್ಲ. ಮುಂದಕ್ಕೆ ಬೆಳೆದು, ಬಾಗಿ, ಹಸು ಹಿಮ್ಮಡಿಯ ಮೇಲೆ ನಿಲ್ಲುತ್ತದೆ. ಕಾಲು ನೋಯುವ ಹಸು ಮೇವಿಗೆ ಏಳುವುದಿಲ್ಲ, ಹಾಲು ಇಳಿಯುತ್ತದೆ, ರೈತ ಕೆಚ್ಚಲು ನೋಡುತ್ತಾನೆ, ಕಾಲು ನೋಡುವುದಿಲ್ಲ. ಎತ್ತು ಹೋದರೂ ಎತ್ತಿನ ಕಾಲು ಬಲ್ಲ ಕೈಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ. ಗಾಡಿ ಓಟಕ್ಕೂ ಪ್ರದರ್ಶನಕ್ಕೂ ಹಳ್ಳಿಕಾರ್ ಕಟ್ಟುತ್ತಿರುವ ಯುವಕರು ಜೋಡಿಗೆ ಲಕ್ಷಗಟ್ಟಲೆ ಕೊಡುತ್ತಾರೆ. ಕೊಂಬಿಗೆ ಎಣ್ಣೆ ಸವರುವವರಿಗೆ ಗೊರಸು ತೋರಿಸಿಕೊಡುವವರು ಬೇಕು. 2023ರಲ್ಲಿ ಮೈಸೂರು ದಶಪಥದಿಂದ ಎತ್ತಿನ ಗಾಡಿಯನ್ನು ಹೊರಗಿಟ್ಟರು. ಗಾಡಿ ಸರ್ವಿಸ್ ರಸ್ತೆಗಿಳಿಯಿತು, ಅದೂ ಟಾರೇ.

ಅದೇ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಬಂತು. 18 ಕಸುಬುಗಳಿಗೆ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ. ಕಮ್ಮಾರ, ಬಡಗಿ, ದೋಣಿ ಕಟ್ಟುವವರು, ಮೀನುಬಲೆ ಹೆಣೆಯುವವರು, ಹೂ ಕಟ್ಟುವವರು ಎಲ್ಲ ಇದ್ದಾರೆ, ಇರಬೇಕಾದವರೇ. ಲಾಳ ಕಟ್ಟುವವರು ಆ 18ರಲ್ಲಿ ಇಲ್ಲ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಾಲಬಂದ ಎಂಬ ಹೆಸರಿದೆ. ಕಸುಬುದಾರರನ್ನು ಜಾತಿಯಾಗಿ ಗುರುತಿಸಿದ ಸರ್ಕಾರಕ್ಕೆ ಕಸುಬು ಮಾತ್ರ ಕಾಣದೆ ಹೋಯಿತು.

ಕೋರ್ಸು ಕಟ್ಟಲು ಹೊಸ ಕಟ್ಟಡ ಬೇಕಾಗಿಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇವೆ. ಪಶು ಆಸ್ಪತ್ರೆಗಳ ಅಂಗಳದಲ್ಲಿ ರಾಸು ನಿಲ್ಲಿಸುವ ಟ್ರೆವಿಸ್ ಇರುತ್ತದೆ. ಅದಕ್ಕೆ ಹೊಟ್ಟೆಪಟ್ಟಿ, ಕಾಲು ಕಟ್ಟುವ ಅಡ್ಡಪಟ್ಟಿ ಸೇರಿಸಿದರೆ ಎತ್ತನ್ನು ನೆಲಕ್ಕೆ ಕೆಡವದೆಯೇ ಲಾಳ ಕಟ್ಟಬಹುದು, ಹಿಂಸೆಯ ಮಾತಾಡುವವರಿಗೂ ಅದೇ ಸರಿಯಾದ ಉತ್ತರ. ಮೊದಲ ವಾರ ಸತ್ತ ರಾಸಿನ ಕಾಲುಗಳನ್ನು ಉದ್ದಕ್ಕೆ ಸೀಳಿ ಗೋಡೆ, ಅಂಗಾಲು, ಜೀವದ ಭಾಗ ಕೈಯಲ್ಲಿ ಮುಟ್ಟಿಸಬೇಕು. ಆಮೇಲೆ ಹೆರೆಯುವುದು, ಎಲ್ಲಕ್ಕಿಂತ ಕೊನೆಗೆ ಸುತ್ತಿಗೆ. ಧನುರ್ವಾಯು ಲಸಿಕೆ, ಮೊಳೆ ತಗುಲಿದಾಗ ಮಾಡಬೇಕಾದ ಮೊದಲ ಚಿಕಿತ್ಸೆ ಪಶುವೈದ್ಯರು ಹೇಳಿಕೊಡಲಿ. ಹೆರೆಯುವ ಪಾಠ ಉಸ್ತಾದರದ್ದೇ ಆಗಿರಲಿ. ಅವರಿಗೆ ಅತಿಥಿ ಉಪನ್ಯಾಸಕರ ಸಂಭಾವನೆಯೇ ಸಿಗಲಿ, ಅವರ ಬಳಿ ಸರ್ಟಿಫಿಕೇಟ್ ಕೇಳುವುದು ಬೇಡ. ಈ ಮೂರು ತಾಲ್ಲೂಕುಗಳಲ್ಲಿ ನನಗೆ ಗೊತ್ತಿರುವ ಉಸ್ತಾದರೆಲ್ಲ ಅರವತ್ತು ದಾಟಿದವರು, ಅವರಲ್ಲಿ ಯಾರ ಮಗನೂ ಉಳಿ ಹಿಡಿದಿಲ್ಲ.