ಸಫಾರಿ ಹಾದಿಗೆ ಬಂದ ಅಳತೆ

1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಸರ್ವೇ ಆಫ್ ಇಂಡಿಯಾದ ನಕ್ಷೆ ಹಾಳೆಗಳು ಅಲ್ಲಿನ ಹಳ್ಳ, ಗುಡ್ಡ, ದಾರಿಗಳನ್ನು ತೋರಿಸುತ್ತಿದ್ದವು. ಆ ದಾರಿ ಎಷ್ಟು ಜನರನ್ನು ತಾಳಬಲ್ಲದು ಎಂಬ ಲೆಕ್ಕ ಬಂದದ್ದು ಬಹಳ ತಡವಾಗಿ.

2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿಧಾಮಗಳ ಕೋರ್ ಪ್ರದೇಶದ ಪ್ರವಾಸೋದ್ಯಮಕ್ಕೆ ತಾತ್ಕಾಲಿಕ ತಡೆ ನೀಡಿತು. ಅಕ್ಟೋಬರಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಬಳಿಕ ತಡೆ ತೆರವಾಯಿತು. ಈ ಮಾರ್ಗಸೂಚಿಯ ಪ್ರಕಾರ ಕೋರ್ ಪ್ರದೇಶದ ಶೇ 20ಕ್ಕಿಂತ ಹೆಚ್ಚು ಭಾಗಕ್ಕೆ ಪ್ರವಾಸಿಗರನ್ನು ಬಿಡುವಂತಿಲ್ಲ. ದೂಳಿನ ಹಾದಿಯಲ್ಲಿ ಎರಡು ವಾಹನಗಳ ನಡುವೆ 500 ಮೀಟರ್ ಅಂತರ ಬೇಕು. ನಕ್ಷೆಯಲ್ಲಿ ಹಾದಿಯ ಉದ್ದ 40 ಕಿ.ಮೀ. ಎಂದಾದರೆ ಒಮ್ಮೆಗೆ 80 ವಾಹನ. ಪ್ರಾಣಿಗಳಿಗಾಗುವ ತೊಂದರೆ, ಹಾದಿ ಮುಚ್ಚುವ ದಿನಗಳು, ಸಿಬ್ಬಂದಿ ಕೊರತೆ ಕಳೆದರೆ ಸಂಖ್ಯೆ ಬಹಳ ಇಳಿಯುತ್ತದೆ. ಈ ಕಡಿತವೇ ಲೆಕ್ಕದ ಜೀವಾಳ.

ನಡೆದು ಹೋಗುವವರಿಗೂ ಇಂಥ ಮಿತಿ ಬಂತು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರು ಕಿಕ್ಕಿರಿದ ಮೇಲೆ ರಾಜ್ಯವು ಪ್ರತಿ ಚಾರಣ ಪಥಕ್ಕೆ ದಿನಕ್ಕೆ 300 ಜನರ ಮಿತಿ ಹಾಕಿ, ಆನ್‌ಲೈನ್ ಬುಕಿಂಗ್ ತಂದಿತು.

ಎಲ್ಲೆಡೆಯೂ ಹಾದಿಯ ಅಳತೆಯೇ ಮುಖ್ಯವಲ್ಲ. ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಯಿತು; ವಿಸ್ತೀರ್ಣ 134.88 ಚದರ ಕಿ.ಮೀ. ಇಲ್ಲಿ ಜನ ಸೇರುವುದು ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತದಂಥ ತಾಣಗಳಲ್ಲಿ. ಹಾಗಾಗಿ ಇಲ್ಲಿ ಹಾದಿಯ ಉದ್ದಕ್ಕಿಂತ ದಡದ ಜಾಗ, ವಾಹನ ನಿಲುಗಡೆಯನ್ನೇ ನಕ್ಷೆಯಲ್ಲಿ ಮೊದಲು ಅಳೆಯಬೇಕಾಗುತ್ತದೆ.