ಮಾಯವಾದ ನೌಕೆ, ಹೆಣೆದುಕೊಂಡ ಕಣ: ಟೆಲಿಪೋರ್ಟೇಶನ್ ಕಲ್ಪನೆಯ ಸೈನಿಕ ಚರಿತ್ರೆ

ಎರಡನೆಯ ಮಹಾಯುದ್ಧದಲ್ಲಿ ಸರಕು ಹಡಗುಗಳ ಬೆಂಗಾವಲಿಗೆಂದು ಅಮೆರಿಕ ಕಟ್ಟಿಸಿದ ನೂರಾರು ನೌಕೆಗಳಲ್ಲಿ ಯುಎಸ್‌ಎಸ್ ಎಲ್ಡ್ರಿಜ್ ಒಂದು. 1943ರ ಜುಲೈ 25ರಂದು ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ ಅದು ನೀರಿಗಿಳಿಯಿತು. ಆಗಸ್ಟ್ 27ರಂದು ನೌಕಾಪಡೆಯ ಸೇವೆಗೆ ಸೇರಿತು. ಸೆಪ್ಟೆಂಬರಿನಲ್ಲಿ ಬರ್ಮುಡಾ ಬಳಿ ಪರೀಕ್ಷಾ ಸಂಚಾರ ನಡೆಸಿ, ಅಕ್ಟೋಬರ್ 18ರಂದು ನ್ಯೂಯಾರ್ಕಿಗೆ ಮರಳಿತು. ಆಮೇಲಿನ ದಿನಗಳು ಬೆಂಗಾವಲಿನಲ್ಲೇ ಕಳೆದವು. 1951ರಲ್ಲಿ ಗ್ರೀಸಿಗೆ ಹಸ್ತಾಂತರವಾದ ಆ ನೌಕೆ 'ಲಿಯೋನ್' ಎಂಬ ಹೆಸರಿನಲ್ಲಿ ದಶಕಗಳ ಕಾಲ ದುಡಿದು, 1999ರಲ್ಲಿ ಗುಜರಿಗೆ ಹೋಯಿತು. ಇದರಲ್ಲಿ 1943ರ ಸಂಚಾರವೆಲ್ಲ ನೌಕೆಯ ದಿನಚರಿ ಪುಸ್ತಕದಲ್ಲಿ ದಾಖಲಾಗಿದೆ. ಅಮೆರಿಕದ ನೌಕಾ ಇತಿಹಾಸ ವಿಭಾಗ ಆ ದಿನಚರಿಯನ್ನು ಮೈಕ್ರೋಫಿಲ್ಮ್ ಮಾಡಿಸಿ, ಕೇಳಿದವರಿಗೆಲ್ಲ ಕೊಡುತ್ತ ಬಂದಿದೆ.

ಆದರೆ ಜಗತ್ತಿಗೆ ಗೊತ್ತಿರುವ ಎಲ್ಡ್ರಿಜ್ ಬೇರೆಯೇ ಒಂದು ನೌಕೆ. ಆ ಕಥೆಯ ಪ್ರಕಾರ 1943ರ ಅಕ್ಟೋಬರಿನಲ್ಲಿ, ಫಿಲಡೆಲ್ಫಿಯಾದ ನೌಕಾನೆಲೆಯಲ್ಲಿ, ಪ್ರಬಲ ವಿದ್ಯುತ್ಕಾಂತ ಕ್ಷೇತ್ರವೊಂದು ಅದನ್ನು ಆವರಿಸಿತು. ಹಸಿರು ಮಂಜಿನಲ್ಲಿ ಕರಗಿಹೋದ ನೌಕೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ನಾರ್ಫೋಕ್ ಬಂದರಿನಲ್ಲಿ ಕ್ಷಣಕಾಲ ಕಾಣಿಸಿ, ತಿರುಗಿ ಮೊದಲಿನ ಜಾಗಕ್ಕೇ ಬಂತು. ಕೆಲವು ನಾವಿಕರ ದೇಹಗಳು ಉಕ್ಕಿನ ಗೋಡೆಯಲ್ಲಿ ಬೆಸೆದುಹೋದವು, ಉಳಿದವರಿಗೆ ಹುಚ್ಚು ಹಿಡಿಯಿತು. ಐನ್‌ಸ್ಟೈನರ ಏಕೀಕೃತ ಕ್ಷೇತ್ರ ಸಿದ್ಧಾಂತವನ್ನು ನೌಕಾಪಡೆ ರಹಸ್ಯವಾಗಿ ಪ್ರಯೋಗಕ್ಕೆ ಹಚ್ಚಿದ ಫಲ ಇದು ಎನ್ನುತ್ತದೆ ಆ ಕಥೆ.

ಇದು ಸುಳ್ಳೆಂದು ಸಾಬೀತುಪಡಿಸುವುದು ಕಷ್ಟವಲ್ಲ. ಹಲವರು ಅದನ್ನು ಮಾಡಿ ಮುಗಿಸಿದ್ದಾರೆ. ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಇಂಥ ಕಥೆ ಯಾವ ಯಾವ ನಿಜಗಳ ತುಣುಕುಗಳಿಂದ ಕಟ್ಟಿಕೊಂಡಿತು? ಟೆಲಿಪೋರ್ಟೇಶನ್ ಎಂಬ ಕಲ್ಪನೆ ಕೊನೆಗೆ ಪ್ರಯೋಗಾಲಯದಲ್ಲಿ ಕೈಗೂಡಿದಾಗ, ಅದು ಯಾವ ದಾರಿಯಲ್ಲಿ ಬಂತು? ಗೋಪ್ಯತೆಯ ಗೋಡೆಯೊಳಗೆ ಬೆಳೆದದ್ದು ವದಂತಿ ಮಾತ್ರ. ಫಲ ಕೊಟ್ಟದ್ದು ಬಹಿರಂಗವಾಗಿ ಅಚ್ಚಾದ, ತಪ್ಪೆಂದು ತೋರಿಸಲು ಸಾಧ್ಯವಾದ ಬರಹ. ಈ ಲೇಖನದ ವಾದ ಇಷ್ಟೇ.

ಕಥೆಯ ಮೂಲ ಒಂದು ಪುಸ್ತಕ ಮತ್ತು ಕೆಲವು ಪತ್ರಗಳು. ಖಗೋಳಶಾಸ್ತ್ರ ಓದಿದ್ದ ಮಾರಿಸ್ ಜೆಸಪ್ 1955ರಲ್ಲಿ ಹಾರುವ ತಟ್ಟೆಗಳ ಬಗ್ಗೆ ಒಂದು ಪುಸ್ತಕ ಬರೆದರು. 1956ರ ಜನವರಿಯಲ್ಲಿ ಅವರಿಗೆ 'ಕಾರ್ಲೋಸ್ ಮಿಗೆಲ್ ಅಲ್ಯೆಂದೆ' ಎಂಬ ಸಹಿಯ ಪತ್ರ ಬಂತು. ಆಂಡ್ರ್ಯೂ ಫ್ಯೂರುಸೆತ್ ಎಂಬ ಸರಕು ಹಡಗಿನ ಮೇಲಿಂದ ನೌಕೆ ಮಾಯವಾದದ್ದನ್ನು ಕಂಡೆ ಎಂದು ಪತ್ರದ ಲೇಖಕ ಹೇಳಿಕೊಂಡಿದ್ದ. ಇದೇ ಹೊತ್ತಿಗೆ ಅಮೆರಿಕದ ನೌಕಾ ಸಂಶೋಧನಾ ಕಚೇರಿಗೆ ಅಂಚೆಯಲ್ಲಿ ಜೆಸಪ್ಪರ ಪುಸ್ತಕದ ಒಂದು ಪ್ರತಿ ಬಂದಿತ್ತು. ಪುಟಪುಟದ ಅಂಚಿನಲ್ಲೂ ಬೇರೆ ಬೇರೆ ಬಣ್ಣದ ಶಾಯಿಯ ಟಿಪ್ಪಣಿಗಳು, ಮೂವರು ಕೂತು ಮಾತಾಡಿಕೊಂಡ ಹಾಗೆ. 1957ರಲ್ಲಿ ಕಚೇರಿ ಜೆಸಪ್ಪರನ್ನು ಕರೆಸಿ ಪುಸ್ತಕ ತೋರಿಸಿತು. ಒಂದು ಕೈಬರಹ ತನಗೆ ಬಂದ ಪತ್ರದ್ದೇ ಎಂದು ಅವರು ಗುರುತಿಸಿದರು.

ಆಮೇಲೆ ನಡೆದದ್ದು ಕಥೆಯ ಪಾಲಿಗೆ ವರವಾಯಿತು. ಕಚೇರಿಯ ಇಬ್ಬರು ಅಧಿಕಾರಿಗಳು ಸ್ವಂತ ಕುತೂಹಲದಿಂದ, ಟೆಕ್ಸಾಸಿನ ಗಾರ್ಲೆಂಡ್‌ನಲ್ಲಿದ್ದ ವ್ಯಾರೋ ಎಂಬ ಕಂಪನಿಯ ಮೂಲಕ, ಟಿಪ್ಪಣಿಗಳ ಸಹಿತ ಆ ಪುಸ್ತಕದ ಸೀಮಿತ ಪ್ರತಿಗಳನ್ನು ಬೆರಳಚ್ಚು ಮಾಡಿಸಿದರು. ಯಾರೋ ಗೀಚಿದ ಅಂಚುಬರಹವನ್ನು ಸೇನಾ ಗುತ್ತಿಗೆಯ ಸಂಸ್ಥೆಯೊಂದು ಮರುಮುದ್ರಿಸಿದೆ ಎಂದರೆ ಒಳಗೆ ಏನೋ ಇರಲೇಬೇಕು ಎಂಬ ಅನುಮಾನ ಅಲ್ಲಿಗೆ ಗಟ್ಟಿಯಾಯಿತು. 1959ರಲ್ಲಿ ಜೆಸಪ್ ಫ್ಲೋರಿಡಾದಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ಅನುಮಾನಕ್ಕೆ ಇನ್ನೊಂದು ಆಧಾರ ಸಿಕ್ಕಿತು. 1979ರಲ್ಲಿ ವಿಲಿಯಂ ಮೂರ್ ಮತ್ತು ಚಾರ್ಲ್ಸ್ ಬರ್ಲಿಟ್ಜ್ ಇದನ್ನೇ ಪುಸ್ತಕ ಮಾಡಿದರು, 1984ರಲ್ಲಿ ಸಿನಿಮಾ ಬಂತು. ಪತ್ರ ಬರೆದಾತ ಪೆನ್ಸಿಲ್ವೇನಿಯಾದ ನ್ಯೂ ಕೆನ್ಸಿಂಗ್ಟನ್ ಊರಿನ ಕಾರ್ಲ್ ಅಲೆನ್ ಎಂದು ರಾಬರ್ಟ್ ಗೋರ್ಮನ್ 1980ರಲ್ಲೇ ಪತ್ತೆಹಚ್ಚಿ ಪ್ರಕಟಿಸಿದ್ದರು. ಬರುವ ಸಿನಿಮಾವನ್ನು ಆ ಶೋಧ ತಡೆಯಲಿಲ್ಲ.

ದಾಖಲೆಗಳು ಏನನ್ನುತ್ತವೆ? ಫ್ಯೂರುಸೆತ್ ಹಡಗಿನ ಅಂದಿನ ಕಪ್ತಾನರು, ತಾವಾಗಲಿ ತಮ್ಮ ಸಿಬ್ಬಂದಿಯಾಗಲಿ ಅಂಥದ್ದೇನನ್ನೂ ಕಂಡಿಲ್ಲವೆಂದು ಬರೆದ ಪತ್ರ ಅಮೆರಿಕದ ಸರಕಾರಿ ದಾಖಲೆಗಳಲ್ಲಿದೆ. ಎರಡೂ ಹಡಗುಗಳು ಒಂದೇ ಹೊತ್ತಿಗೆ ನಾರ್ಫೋಕ್‌ನಲ್ಲಿ ಇರಲೇ ಇಲ್ಲ. ಪ್ರಯೋಗ ನಡೆಸಿತೆಂಬ ನೌಕಾ ಸಂಶೋಧನಾ ಕಚೇರಿ ಹುಟ್ಟಿದ್ದು 1946ರಲ್ಲಿ.

ಹಾಗೆಂದು ಇಡೀ ಕಥೆ ಶೂನ್ಯದಿಂದ ಉದ್ಭವಿಸಿತು ಎನ್ನಲಾಗದು. 1939ರ ನವೆಂಬರ್ 23ರಂದು ಇಂಗ್ಲೆಂಡಿನ ಶೂಬರಿನೆಸ್ ಕರಾವಳಿಯಲ್ಲಿ ಜರ್ಮನರ ಕಾಂತೀಯ ಮೈನ್ ಒಂದು ಸಿಡಿಯದೆ ಸಿಕ್ಕಿತು. ಬ್ರಿಟಿಷ್ ನೌಕಾಪಡೆಯ ಜಾನ್ ಔವ್ರಿ ಜೀವದ ಹಂಗು ತೊರೆದು ಅದನ್ನು ಬಿಚ್ಚಿದರು. ಉಕ್ಕಿನ ಹಡಗು ಭೂಮಿಯ ಕಾಂತಕ್ಷೇತ್ರದಲ್ಲಿ ತಾನೇ ಒಂದು ದುರ್ಬಲ ಕಾಂತವಾಗುತ್ತದೆ. ಅದು ಮೇಲೆ ಹಾದುಹೋದಾಗ ಆಗುವ ಬದಲಾವಣೆಯೇ ಈ ಮೈನನ್ನು ಸಿಡಿಸುತ್ತಿತ್ತು. ಪರಿಹಾರ ಸರಳ: ಹಡಗಿನ ಸುತ್ತ ದಪ್ಪ ತಂತಿ ಸುತ್ತಿ, ಲೆಕ್ಕಹಾಕಿದ ವಿದ್ಯುತ್ ಹರಿಸಿ, ಹಡಗಿನ ಕಾಂತತೆಯನ್ನು ರದ್ದುಮಾಡುವುದು. ಇದಕ್ಕೆ ಡೀಗಾಸಿಂಗ್ ಎಂದು ಹೆಸರಿಟ್ಟವರು ಚಾರ್ಲ್ಸ್ ಗುಡೀವ್. ಹೀಗೆ ಮಾಡಿದ ಹಡಗು ಮೈನಿನ ಪಾಲಿಗೆ 'ಅದೃಶ್ಯ'. 1943ರಲ್ಲಿ ಫಿಲಡೆಲ್ಫಿಯಾದ ಹಡಗುಕಟ್ಟೆಯಲ್ಲಿ ನಿಜಕ್ಕೂ ನಡೆಯುತ್ತಿದ್ದ ಕೆಲಸಗಳಲ್ಲಿ ಇದೂ ಒಂದು. ಮಹಾ ತಂತಿಗಳು, ಗುಟ್ಟಿನ ಸಾಧನಗಳು, 'ಅದೃಶ್ಯ' ಎಂಬ ಮಾತು, ಎಲ್ಲವೂ ಅಲ್ಲಿದ್ದವು.

ಝಾಕ್ ವಾಲೇ 1994ರಲ್ಲಿ ಪ್ರಕಟಿಸಿದ ಸಂಶೋಧನಾ ಲೇಖನ ಈ ವಿಚಾರದಲ್ಲಿ ನನಗೆ ಅತಿ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಅವರು ಕಥೆಯನ್ನು ಅಲ್ಲಗಳೆದು ಕೈತೊಳೆದುಕೊಳ್ಳದೆ, ಅದರ ಒಂದೊಂದು ಎಳೆಯ ಮೂಲ ಹುಡುಕಿದರು. ಎಲ್ಡ್ರಿಜ್ ಜೊತೆಗಾರ ನೌಕೆ ಎಂಗ್‌ಸ್ಟ್ರಾಮ್‌ನಲ್ಲಿ ವಿದ್ಯುತ್ ಕೆಲಸ ನೋಡುತ್ತಿದ್ದ ನಾವಿಕರೊಬ್ಬರು ಅವರಿಗೆ ಕೊಟ್ಟ ವಿವರಣೆ ಹೀಗಿದೆ. ಸರಕು ಹಡಗುಗಳು ಬಯಲು ಸಮುದ್ರದ ಸುತ್ತುದಾರಿಯಲ್ಲಿ ನಾರ್ಫೋಕ್ ತಲುಪಲು ಎರಡು ದಿನ ಹಿಡಿಯುತ್ತಿತ್ತು. ನೌಕಾಪಡೆಯ ಹಡಗುಗಳಿಗೆ ಚೆಸಪೀಕ್–ಡೆಲವೇರ್ ಕಾಲುವೆಯ ಒಳದಾರಿ ತೆರೆದಿತ್ತು; ಅವು ಬಹಳ ಬೇಗ ಹೋಗಿ ಬರುತ್ತಿದ್ದವು. ಹಿಂದಿನ ರಾತ್ರಿ ಒಂದು ಬಂದರಿನಲ್ಲಿ ಕಂಡ ಯುದ್ಧನೌಕೆ ಅಷ್ಟು ಬೇಗ ಇನ್ನೊಂದರಲ್ಲಿ ಹೇಗಿರಲು ಸಾಧ್ಯ ಎಂದು ಸರಕು ಹಡಗಿನವನೊಬ್ಬ ಬೆರಗಾಗಿದ್ದರೆ ಆಶ್ಚರ್ಯವಿಲ್ಲ. ಜಗಳವೆದ್ದ ಹೆಂಡದಂಗಡಿಯಿಂದ 'ಮಾಯವಾದ' ನಾವಿಕರೂ ಇದ್ದರು: ವಯಸ್ಸು ತುಂಬದ ಹುಡುಗರನ್ನು ಅಂಗಡಿಯ ಹೆಣ್ಣುಮಕ್ಕಳು ಹಿಂಬಾಗಿಲಿನಿಂದ ಕಳಿಸಿ, ಅವರನ್ನು ನೋಡಿಯೇ ಇಲ್ಲ ಎಂದುಬಿಟ್ಟಿದ್ದರು.

ಐನ್‌ಸ್ಟೈನರ ಹೆಸರೂ ಸುಮ್ಮನೆ ಬಂದದ್ದಲ್ಲ. 1943ರಿಂದ ಅವರು ನೌಕಾಪಡೆಯ ಶಸ್ತ್ರಾಸ್ತ್ರ ವಿಭಾಗಕ್ಕೆ ದಿನಕ್ಕೆ 25 ಡಾಲರ್ ಸಂಭಾವನೆಯ ಮೇಲೆ ಸಲಹೆಗಾರರಾಗಿದ್ದರು. ಅವರ ಮುಂದೆ ಬಂದದ್ದು ಸ್ಫೋಟಕಗಳ ಪ್ರಶ್ನೆಗಳು. ಏಕೀಕೃತ ಕ್ಷೇತ್ರ ಸಿದ್ಧಾಂತ 1955ರಲ್ಲಿ ಅವರು ತೀರಿಕೊಳ್ಳುವವರೆಗೂ ಪೂರ್ಣವಾಗಲಿಲ್ಲ.

ಸೇನೆ ಈ ಬಗೆಯ ಭೌತವಿಜ್ಞಾನಕ್ಕೆ ನಿಜಕ್ಕೂ ಹಣ ಕೊಟ್ಟದ್ದು ಬಹಳ ತಡವಾಗಿ. 2004ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧನಾ ಪ್ರಯೋಗಾಲಯ 'ಟೆಲಿಪೋರ್ಟೇಶನ್ ಫಿಸಿಕ್ಸ್ ಸ್ಟಡಿ' ಎಂಬ 88 ಪುಟಗಳ ವರದಿಯನ್ನು ಹೊರತಂದಿತು. ಬರೆದವರು ಭೌತವಿಜ್ಞಾನಿ ಎರಿಕ್ ಡೇವಿಸ್. ಕ್ವಾಂಟಂ ಟೆಲಿಪೋರ್ಟೇಶನ್, ದೇಶಕಾಲದ ರಚನೆಯನ್ನೇ ಬಾಗಿಸುವ ಬಗೆ, ಹೆಚ್ಚುವರಿ ಆಯಾಮಗಳ ಮೂಲಕ ಸಾಗುವ ಬಗೆ, ಇವುಗಳ ಜೊತೆಗೆ ಮನಶ್ಶಕ್ತಿಯಿಂದ ವಸ್ತುವನ್ನು ಸಾಗಿಸುವ ಬಗೆಯನ್ನೂ ಅದು ಗಂಭೀರವಾಗಿ ಪರಿಗಣಿಸಿತು. ಕೊನೆಯದರ ಪ್ರಯೋಗಗಳಿಗೆ 75 ಲಕ್ಷ ಡಾಲರ್ ಬೇಕೆಂದೂ ಸೂಚಿಸಿತು. ವಿಜ್ಞಾನಿಗಳಿಂದ ಕಟುವಾದ ಟೀಕೆ ಬಂತು. ಆ ಟೀಕೆ ನ್ಯಾಯವಾದದ್ದೇ. ಪರಿಶೀಲನೆಗೆ ಒಳಗಾದ ಪ್ರಯೋಗವನ್ನೂ ಒಳಗಾಗದ ಹೇಳಿಕೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ವರದಿಯ ದೊಡ್ಡ ದೋಷ. 2008ರ ನಂತರ ರಕ್ಷಣಾ ಗುಪ್ತಚರ ಸಂಸ್ಥೆ 2.2 ಕೋಟಿ ಡಾಲರಿನ ಕಾರ್ಯಕ್ರಮವೊಂದರಡಿ ಇಂಥ ವಿಷಯಗಳ ಮೇಲೆ 38 ಪ್ರಬಂಧಗಳನ್ನು ಬರೆಸಿತು. ವರ್ಮ್‌ಹೋಲ್ (ದೇಶಕಾಲದ ಎರಡು ಜಾಗಗಳನ್ನು ಜೋಡಿಸುವ ಸೇತುವೆ), ಋಣಶಕ್ತಿ (ಸೊನ್ನೆಗಿಂತ ಕಡಿಮೆಯಾದ ಶಕ್ತಿ) ಕುರಿತವೂ ಅವುಗಳಲ್ಲಿ ಇದ್ದವು. ಆ ಪಟ್ಟಿ ಸಾರ್ವಜನಿಕವಾದದ್ದು 2019ರಲ್ಲಿ.

ಟೆಲಿಪೋರ್ಟೇಶನ್ ಕಲ್ಪನೆಯ ಸೈದ್ಧಾಂತಿಕ ಬೇರು 1935ರಲ್ಲಿದೆ. ಆ ವರ್ಷ 'ಫಿಸಿಕಲ್ ರಿವ್ಯೂ' ಪತ್ರಿಕೆಯಲ್ಲಿ, ಎರಡು ತಿಂಗಳ ಅಂತರದೊಳಗೆ, ಎರಡು ಲೇಖನಗಳು ಬಂದವು. ಮೇ ತಿಂಗಳಿನದ್ದು ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ಅವರದ್ದು: ಒಮ್ಮೆ ಕೂಡಿದ ಎರಡು ಕಣಗಳು ಎಷ್ಟೇ ದೂರ ಸರಿದರೂ ಅವುಗಳ ಸ್ಥಿತಿ ಪರಸ್ಪರ ಹೆಣೆದುಕೊಂಡೇ ಇರುವ ವಿಚಿತ್ರವನ್ನು ಅದು ಎತ್ತಿತೋರಿಸಿತು. ಜುಲೈ ತಿಂಗಳಿನದ್ದು ಐನ್‌ಸ್ಟೈನ್ ಮತ್ತು ರೋಸೆನ್ ಅವರದ್ದು: ದೇಶಕಾಲದ ಎರಡು ಹಾಳೆಗಳನ್ನು ಜೋಡಿಸುವ ಸೇತುವೆಯ ಗಣಿತ. ನೇಥನ್ ರೋಸೆನ್ ಎರಡರಲ್ಲೂ ಇದ್ದಾರೆ.

ಸೇತುವೆಯ ದಾರಿ ಈವರೆಗೆ ಗಣಿತದಾಚೆ ಹೋಗಿಲ್ಲ. 1988ರಲ್ಲಿ ಮೈಕೆಲ್ ಮಾರಿಸ್ ಮತ್ತು ಕಿಪ್ ಥಾರ್ನ್, ಮನುಷ್ಯ ದಾಟಬಹುದಾದ ವರ್ಮ್‌ಹೋಲ್‌ಗೆ ಏನೆಲ್ಲ ಬೇಕೆಂದು ಲೆಕ್ಕಹಾಕಿದರು. ಅದರ ಬಾಯಿ ಮುಚ್ಚದಂತೆ ಹಿಡಿದಿಡಲು ಋಣಶಕ್ತಿ ಬೇಕು. ಒಂದು ಮೀಟರ್ ಅಗಲದ ಬಾಯಿಗೆ ಹೆಚ್ಚುಕಡಿಮೆ ಗುರುಗ್ರಹದ ದ್ರವ್ಯರಾಶಿಗೆ ಸಮನಾದಷ್ಟು.

ಇನ್ನೊಂದು ದಾರಿ, ಅಂದರೆ ಹೆಣೆದ ಕಣಗಳದ್ದು, ತೆರೆದ ಬಗೆ ಭೌತವಿಜ್ಞಾನದ ಚರಿತ್ರೆಯಲ್ಲೇ ಅಪರೂಪದ್ದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೆಲವು ಭೌತವಿಜ್ಞಾನಿಗಳು ಸೇರಿ ಕ್ವಾಂಟಂ ಸಿದ್ಧಾಂತದ ಬುಡವನ್ನೇ ಚರ್ಚಿಸುತ್ತಿದ್ದರು. ಅತೀಂದ್ರಿಯ ಶಕ್ತಿಯಂಥ ವಿಷಯಗಳೂ ಅಲ್ಲಿ ಬರುತ್ತಿದ್ದವು. ಆ ಕೂಟದ ನಿಕ್ ಹರ್ಬರ್ಟ್, ಹೆಣೆದ ಕಣಗಳನ್ನು ಬಳಸಿ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಬಹುದೆಂದು ಒಂದು ಲೇಖನ ಬರೆದರು. ಪರಿಶೀಲನೆಗೆ ಬಂದಾಗ ಇಬ್ಬರು ಓದಿದರು. ಇಟಲಿಯ ಜಿಯಾನ್‌ಕಾರ್ಲೊ ಗಿರಾರ್ಡಿ ಅದು ತಪ್ಪೆಂದು ತಿರಸ್ಕರಿಸಿದರು. ಇಸ್ರೇಲಿನ ಆಶರ್ ಪೆರೆಸ್ ಕೂಡ ಅದು ತಪ್ಪೇ ಎಂದು ತಿಳಿದಿದ್ದರು, ಆದರೂ ಅಚ್ಚಾಗಲಿ ಎಂದರು. ಆ ತಪ್ಪು ಎಲ್ಲಿದೆ ಎಂದು ಹುಡುಕಹೊರಟವರು ಹೊಸದೇನನ್ನೋ ಕಾಣುತ್ತಾರೆ ಎಂಬುದು ಅವರ ನಂಬಿಕೆ. ಪೆರೆಸ್ ಇದೇ ನೇಥನ್ ರೋಸೆನ್ ಅವರ ಶಿಷ್ಯ.

ನಂಬಿಕೆ ಹುಸಿಯಾಗಲಿಲ್ಲ. 1982ರಲ್ಲಿ ವೂಟರ್ಸ್ ಮತ್ತು ಝುರೆಕ್, ಅವರಿಂದ ಸ್ವತಂತ್ರವಾಗಿ ಡೀಕ್ಸ್, ಅಜ್ಞಾತ ಕ್ವಾಂಟಂ ಸ್ಥಿತಿಯೊಂದರ ನಕಲು ತೆಗೆಯುವುದು ಅಸಾಧ್ಯವೆಂದು ಸಾಧಿಸಿದರು. ಹರ್ಬರ್ಟರ ಯೋಜನೆ ನಿಂತಿದ್ದದ್ದು ಅಂಥ ನಕಲಿನ ಮೇಲೆ; ಅದು ಮುರಿದುಬಿದ್ದದ್ದು ಅಲ್ಲೇ. ನಕಲು ಅಸಾಧ್ಯವಾದರೆ ಸಾಗಣೆ ಸಾಧ್ಯವೇ? 1993ರಲ್ಲಿ ಬೆನೆಟ್, ಬ್ರಸಾರ್, ಕ್ರೆಪೋ, ಜೋಜ಼ಾ, ಪೆರೆಸ್, ವೂಟರ್ಸ್ ಆರು ಜನ ಸೇರಿ ಸಾಧ್ಯವೆಂದು ತೋರಿಸಿದರು. ಕಳಿಸುವವರು, ಪಡೆಯುವವರು ಹೆಣೆದ ಕಣಗಳ ಒಂದೊಂದನ್ನು ಮೊದಲೇ ಹಂಚಿಕೊಂಡಿರಬೇಕು. ಕಳಿಸುವವರು ತಮ್ಮ ಕಣವನ್ನೂ ಸಾಗಿಸಬೇಕಾದ ಕಣವನ್ನೂ ಒಟ್ಟಿಗೆ ಅಳೆದು, ಫಲಿತಾಂಶದ ಎರಡು ಬಿಟ್ ಮಾಹಿತಿಯನ್ನು ರೇಡಿಯೋದಲ್ಲೋ ಫೋನಿನಲ್ಲೋ ತಿಳಿಸುತ್ತಾರೆ. ಪಡೆಯುವವರು ಅದರಂತೆ ತಮ್ಮ ಕಣವನ್ನು ತಿದ್ದಿದರೆ ಮೂಲ ಸ್ಥಿತಿ ಅಲ್ಲಿ ಮೂಡುತ್ತದೆ. ಅಳತೆಯಲ್ಲೇ ಮೂಲ ಅಳಿದಿರುತ್ತದೆ, ಹಾಗಾಗಿ ನಕಲಿನ ನಿಯಮ ಮುರಿಯುವುದಿಲ್ಲ. ಆ ಎರಡು ಬಿಟ್‌ಗಳು ಬೆಳಕಿಗಿಂತ ವೇಗವಾಗಿ ಹೋಗಲಾರವು, ಹಾಗಾಗಿ ಐನ್‌ಸ್ಟೈನರ ನಿಯಮವೂ ಉಳಿಯುತ್ತದೆ. ದ್ರವ್ಯ ಒಂದಿನಿತೂ ಕದಲುವುದಿಲ್ಲ. ಸಾಗುವುದು ಸ್ಥಿತಿ ಮಾತ್ರ. ಸುಮಾರು ಎಪ್ಪತ್ತು ಕಿಲೋ ತೂಕದ ಮನುಷ್ಯದೇಹದಲ್ಲಿ 7ರ ಮುಂದೆ 27 ಸೊನ್ನೆ ಇಟ್ಟಷ್ಟು ಪರಮಾಣುಗಳಿವೆ. ಅಷ್ಟೂ ಪರಮಾಣುಗಳಿಗೆ ಹೆಣೆದ ಜೊತೆಯನ್ನು ಮೊದಲೇ ಅಣಿಮಾಡಿಡುವ ಮಾತು ಸದ್ಯಕ್ಕೆ ಲೆಕ್ಕದಲ್ಲೇ ಇಲ್ಲ.

1997ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಆಂಟನ್ ಝೈಲಿಂಗರ್ ಅವರ ತಂಡ ಫೋಟಾನ್‌ನ ಸ್ಥಿತಿಯನ್ನು ಹೀಗೆ ಸಾಗಿಸಿದ ಪ್ರಯೋಗ ಪ್ರಕಟಿಸಿತು. ವಾಯುಪಡೆಯ ವರದಿ ಬಂದ 2004ರಲ್ಲೇ ಇನ್ಸ್‌ಬ್ರುಕ್ ಮತ್ತು ಅಮೆರಿಕದ ಎರಡು ತಂಡಗಳು ಅಯಾನೀಕೃತ ಪರಮಾಣುಗಳ ಸ್ಥಿತಿಯನ್ನೂ ಸಾಗಿಸಿದವು. 2012ರಲ್ಲಿ ಕ್ಯಾನರಿ ದ್ವೀಪಗಳ ನಡುವೆ 143 ಕಿಲೋಮೀಟರ್. 2017ರಲ್ಲಿ ಚೀನಾದ ತಂಡ ಟಿಬೆಟಿನ ನಗಾರಿಯಿಂದ, 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಮಿಸಿಯಸ್ ಉಪಗ್ರಹಕ್ಕೆ, ಗರಿಷ್ಠ 1,400 ಕಿಲೋಮೀಟರ್ ದೂರದವರೆಗೆ ಸ್ಥಿತಿ ರವಾನಿಸಿತು. ಲಕ್ಷಾಂತರ ಫೋಟಾನ್‌ಗಳನ್ನು ಕಳಿಸಿ 32 ದಿನಗಳಲ್ಲಿ ದಕ್ಕಿದ ಯಶಸ್ವಿ ದಾಖಲೆಗಳು 911. ಮೂಲಕ್ಕೂ ಮರುಮೂಡಿದ ಸ್ಥಿತಿಗೂ ಇದ್ದ ಹೋಲಿಕೆ 0.80, ಹೆಣೆದ ಕಣಗಳ ನೆರವಿಲ್ಲದೆ ಯಾವ ಉಪಾಯದಿಂದಲೂ ಈ ಹೋಲಿಕೆ ಮೂರರಲ್ಲಿ ಎರಡು ಪಾಲನ್ನು ಮೀರಲಾರದು. ವಿಧಾನ, ನಷ್ಟ, ದೋಷಪ್ರಮಾಣ ಎಲ್ಲವೂ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಗಿವೆ. ಉಪಗ್ರಹ ಹಾರಿಸಬಲ್ಲ ಬೇರೊಂದು ತಂಡ ಅದನ್ನು ಮರಳಿ ಮಾಡಿ, ಹೊಂದುತ್ತದೋ ಇಲ್ಲವೋ ಎಂದು ನೋಡಬಹುದು.