ಹೊಸೂರಲ್ಲಿ ಹುಟ್ಟಿದ ಕಾಡುದಾರಿಯ ಬೈಕು

1980ರಲ್ಲಿ ನಮ್ಮ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಂತು, ಇಬ್ಬರು ಕೂರುವ ಮೊಪೆಡ್ಡು. ನಮ್ಮಪ್ಪ ಅದಕ್ಕೇ ಟೊಮೆಟೊ ಬುಟ್ಟಿ ಕಟ್ಟಿಕೊಂಡು ಸಂತೆಗೆ ಹೋಗ್ತಿದ್ದರು. ನಾನು ಕಲಿತದ್ದೂ ಅದರಲ್ಲೇ.

2013ರಲ್ಲಿ ಇದೇ ಕಂಪನಿ ಜರ್ಮನಿಯ ಬಿಎಂಡಬ್ಲ್ಯು ಜೊತೆ ಒಪ್ಪಂದ ಮಾಡಿಕೊಂಡಿತು. ಹೊಸೂರಲ್ಲೇ ತಯಾರಾದ ಜಿ 310 ಜಿಎಸ್, ಮಣ್ಣುರಸ್ತೆಗೂ ಹೊಂದುವ ಬೈಕು, 2018ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂತು. 313 ಸಿಸಿ, ತೂಕ ಸುಮಾರು 170 ಕಿಲೋ. ಅದರ ದೊಡ್ಡಣ್ಣ 1250 ಜಿಎಸ್ ಸುಮಾರು 250 ಕಿಲೋ! ಕಲಿಯೋ ಹುಡುಗ ಬಿದ್ದರೆ ಚಿಕ್ಕದನ್ನಾದರೂ ತಾನೇ ಎತ್ತಿ ನಿಲ್ಲಿಸಬಹುದು. ಅಂಚೆಟ್ಟಿ ಕಡೆ ಜಲ್ಲಿಯಲ್ಲಿ ಬಿದ್ದ ನನಗೆ ಅದರ ಬೆಲೆ ಗೊತ್ತು. ಸೀಟು ಮಾತ್ರ 835 ಮಿಲಿಮೀಟರ್ ಎತ್ತರ. ಕುಳ್ಳಗಿದ್ದವರಿಗೆ ಕಾಲು ಎಟುಕೋದು ಕಷ್ಟ.

ಟ್ಯಾಂಕಿನ ಮೇಲೆ ಜರ್ಮನಿ ಹೆಸರು, ಜೋಡಿಸಿದ್ದು ನಮ್ಮ ಹೊಸೂರಲ್ಲಿ. 2025ರಲ್ಲಿ ಟಿವಿಎಸ್ ತನ್ನದೇ ಹೆಸರಲ್ಲಿ ಅಪಾಚೆ ಆರ್‌ಟಿಎಕ್ಸ್ 300 ತಂದಿತು. ಮಗ ಅದನ್ನೇ ಕೇಳ್ತಿದ್ದಾನೆ. ಮೊದಲು ತಾತನ ಮೊಪೆಡ್ಡಲ್ಲಿ ಕಲಿಯೋ ಅಂದಿದ್ದೇನೆ.